ಔಷಧಿ ಹೊಡೆದ ಹುಲ್ಲು

"ಹುಲ್ಲಿನ ಮೇಲೆ ಕಾಲಿಡಬೇಡಿ! ಸುತ್ತು ಹಾಕ್ಕೊಂಡು ಹಿಂದಿನ ಬಾಗಿಲಿಂದ ಬನ್ನಿ!" ಎಂದು ಅವಳು ಕಿಟಕಿಯಿಂದ ಕೂಗುತ್ತಲೇ ಇದ್ದಳು. ಪಡಸಾಲೆಯಲ್ಲಿ ಗಂಡನ ಹೆಣವಿತ್ತು. ಗಂಡ ಸತ್ತವಳು ಅಳುವುದು ಬಿಟ್ಟು ಅಂಗಳ ಕಾಯುತ್ತಾಳಲ್ಲ ಎಂದು ಬಂದವರು ಮುಖ ಮುಖ ನೋಡಿಕೊಂಡರು. ನೋಡಿಕೊಂಡು, ಹುಲ್ಲಿನ ಮೇಲೇ ನಡೆದು ಬಂದರು.

ಇದೆಲ್ಲ ಗಂಡನ ಜೊತೆಗಾರ ಪಂಪುವಿನ ಕೆಲಸ. ಇಪ್ಪತ್ತಾರು ವರ್ಷ ಗಂಡನ ಜೊತೆ ಬಂಗಲೆಗಳ ಲಾನಿಗೆ ಕಳೆ ಔಷಧಿ ಹೊಡೆದವನು. ಬೆಳಗಾಗುತ್ತಲೇ ಔಷಧಿಯ ಕ್ಯಾನು ಬೆನ್ನಿಗೆ ಹೊತ್ತು ಬಂದು, ಯಾರನ್ನೂ ಕೇಳದೆ ಸತ್ತವನ ಮನೆಯಂಗಳಕ್ಕೇ ಹೊಡೆದುಬಿಟ್ಟಿದ್ದ.

"ನಾಲ್ಕು ಜನ ಬರೋ ಜಾಗ ಅತ್ತಿಗೆ. ಇಷ್ಟು ಕಳೆ ಕಂಡ್ರೆ ಅಣ್ಣನ ಮರ್ಯಾದೆ ಏನಾಗಬೇಕು?"

"ಮೊಮ್ಮಗು ಓಡಾಡೋ ಮನೆ ಕಣೋ ಇದು!"

"ಔಷಧಿ ತಾನೆ. ಒಣಗಿದ್ರೆ ಏನೂ ಇಲ್ಲ."

ಔಷಧಿಯಂತೆ! ಕೊಲ್ಲುವುದಕ್ಕೆ ಔಷಧಿ ಎಂದು ಹೆಸರಿಟ್ಟ ಪುಣ್ಯಾತ್ಮ ಕೈಗೆ ಸಿಕ್ಕರೆ ಅವಳು ಎರಡು ಮಾತು ಕೇಳಬೇಕೆಂದಿದ್ದಳು.

*

ಹಿಂದೆ, ಮಗಳು ಅಂಬೆಗಾಲಿಡುತ್ತಿದ್ದ ಕಾಲ. ಸಂಜೆ ಗಂಡ ಕೆಲಸದ ಪ್ಯಾಂಟಿನಲ್ಲೇ ಒಳಗೆ ಬಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ಮಗು ಅವನ ಮೊಣಕಾಲು ಚೀಪುತ್ತಿತ್ತು.

"ಮೊದ್ಲು ಸ್ನಾನ ಮಾಡಿ!" ಎಂದು ಅವಳು ಅರಚುತ್ತಿದ್ದಳು.

"ಕಳೆ ಸಾಯೋ ಔಷಧಿ ಕಣೆ. ನಾನೇನು ಕಳೆಯಾ?"

"ಆಗಿದ್ರೆ ಕಿತ್ತು ಬಿಸಾಕ್ತಿದ್ದೆ."

ಅವನ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿ ಒಗೆದದ್ದೇ ಬಂತು. ಅವಳ ಮಾತೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಒಂದೇ ಒಂದನ್ನು ಮಾತ್ರ ಅವನು ಕೇಳಿದ್ದ: ಸ್ವಂತ ಮನೆಯ ಹುಲ್ಲಿಗೆ ಎಂದೂ ಔಷಧಿ ಹೊಡೆಯಲಿಲ್ಲ. ರಜೆಯ ದಿನ ಕುಕ್ಕರಗಾಲಲ್ಲಿ ಕೂತು, ಗೊಣಗುತ್ತಾ, ಕಳೆಯನ್ನು ಕೈಯಿಂದಲೇ ಕೀಳುತ್ತಿದ್ದ.

ಅವನ ಕತ್ತಿನಲ್ಲಿ ಗಡ್ಡೆ ಎದ್ದಾಗ, ಕಳೆ ಔಷಧಿಯಿಂದಲೇ ಬಂತೇ ಎಂದು ಅವಳು ಡಾಕ್ಟರನ್ನು ನೇರವಾಗಿಯೇ ಕೇಳಿದಳು. "ಅದರಿಂದಲೇ ಅನ್ನೋಕಾಗಲ್ಲಮ್ಮ. ಅಲ್ಲ ಅನ್ನೋಕೂ ಆಗಲ್ಲ" ಎಂದು ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಹೌದು ಎಂದಿದ್ದರೆ ಗಂಡನನ್ನು ಮನಸಾರೆ ಬೈಯಬಹುದಿತ್ತು. ಅಲ್ಲ ಎಂದಿದ್ದರೆ ಅಷ್ಟು ವರ್ಷ ಬೈದದ್ದಕ್ಕೆ ಕ್ಷಮೆ ಕೇಳಬಹುದಿತ್ತು. ಅವಳಿಗೆ ಎರಡೂ ದಕ್ಕಲಿಲ್ಲ.

*

"ಗಾಡಿ ಬಂತು ಅತ್ತಿಗೆ. ಕೊನೇ ಸಲ ಮುಖ ನೋಡ್ಕೊಳ್ಳಿ" ಎಂದು ನಾದಿನಿ ರಟ್ಟೆ ಹಿಡಿದಳು.

ಅವಳು ಎರಡು ಹೆಜ್ಜೆ ಇಟ್ಟಿದ್ದಳಷ್ಟೆ. ಹೊರಗಿನಿಂದ ಕಿಲಕಿಲ ನಗು ಕೇಳಿಸಿತು. ಎರಡು ವರ್ಷದ ಮೊಮ್ಮಗಳು ಬರಿಗಾಲಲ್ಲಿ ಹುಲ್ಲಿನ ಮೇಲೆ ಕುಣಿಯುತ್ತಿದ್ದಳು. ಆಗಾಗ ಬಗ್ಗಿ ಹುಲ್ಲು ಕಿತ್ತು, ಅದೇ ಕೈಯನ್ನು ಬಾಯಿಗಿಡುತ್ತಿದ್ದಳು. ಸುತ್ತ ಹತ್ತು ಜನ ದೊಡ್ಡವರು ನಿಂತಿದ್ದರು, ಒಬ್ಬರಿಗೂ ಕಣ್ಣಿರಲಿಲ್ಲ.

ಅವಳು ಗಂಡನನ್ನು ದಾಟಿಕೊಂಡು ಓಡಿದಳು. ಮಗುವನ್ನು ಬಾಚಿಕೊಂಡು ಹಿತ್ತಲ ನಲ್ಲಿಯ ಕೆಳಗೆ ಕೂರಿಸಿ, ಬೆರಳು ಹಾಕಿ ಬಾಯಿ ತೊಳೆದಳು.

ನಾದಿನಿ ಏದುಸಿರು ಬಿಡುತ್ತ ಬಂದಳು. "ತಲೆ ನೆಟ್ಟಗಿದೆಯಾ ನಿಮಗೆ? ಅಣ್ಣನ್ನ ಎತ್ತಿದ್ರು! ಮುಖಾನೂ ನೋಡಲ್ವಾ?"

"ನಾನು ನಿಲ್ಲಿ ಅಂದಾಗ ಯಾವತ್ತು ನಿಂತಿದ್ರು ನಿಮ್ಮಣ್ಣ? ಹೊರಡ್ಲಿ!" ಎಂದಳು. ಬೆಳಗಿನಿಂದ ಬಾರದ ಅಳು ಆಗ ಬಂತು, ತಡೆಯಲು ಆಗಲಿಲ್ಲ. "ಸೋಪು ಕೊಡಿ ಇಲ್ಲಿ."

ಮುಂದಿನ ಬೀದಿಯಲ್ಲಿ ಗಾಡಿಯ ಬಾಗಿಲು ಹಾಕಿದ ಸದ್ದಾಯಿತು. ಅವಳು ಮಗುವಿನ ಎಡಗಾಲು ಹಿಡಿದು, ಒಂದೊಂದೇ ಬೆರಳಿನ ಸಂದಿಗೆ ಸೋಪು ಹಚ್ಚಿ ಉಜ್ಜುತ್ತಿದ್ದಳು.