ನೂರ್ಡಾಲ್ ಗುಡ್ಡಕ್ಕೆ ಹೋಗಬೇಕಿದ್ದ ಕಲ್ಲು

ಉತ್ತರ ಡಕೋಟದ ಪೆಲ್ಟನ್ ಎಂಬ ಊರು ಹುಟ್ಟಿದಾಗಿನಿಂದ ಕಂಡ ಗಂಡಾಂತರಗಳಲ್ಲಿ ಮಿಡತೆಗಳ ದಾಳಿ, ಬ್ಯಾಂಕು ಮುಳುಗಿದ್ದು, ಶಾಲೆ ಮುಚ್ಚಿದ್ದು ಎಲ್ಲ ಸೇರಿ ಒಂದು ತೂಕವಾದರೆ, ಕರುವಿನ ಗಾತ್ರದ ಒಂದು ಕಲ್ಲನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಯೇ ಇನ್ನೊಂದು ತೂಕ. ಮಿಡತೆಗಳ ವಿಷಯದಲ್ಲಿ ಊರಿನೊಳಗೆ ಭಿನ್ನಾಭಿಪ್ರಾಯವಾದರೂ ಇರಲಿಲ್ಲ.

ಊರಿಗೆ ನೂರಿಪ್ಪತ್ತೈದು ತುಂಬುತ್ತಿತ್ತು. ಹಬ್ಬಕ್ಕೊಂದು ಸಮಿತಿಯಾಯಿತು. ಸಮಿತಿ ಒಂದು ಕಲ್ಲನ್ನು ತರಿಸಿ, ಅದರ ಮೇಲೆ ‘ನಮ್ಮ ಊರು ಆರಂಭವಾದದ್ದು ಇಲ್ಲಿ’ ಎಂದು ಕೆತ್ತಿಸಿತು. ಕೆತ್ತಿಸಿ ಮುಗಿದ ಮೇಲೆ, ಇಲ್ಲಿ ಎಂದರೆ ಎಲ್ಲಿ ಎಂಬ ವಿಚಾರ ಚರ್ಚೆಗೆ ಬಂತು.

ಎಲ್ಲಿ ಎಂದು ಆರ್ಡಿಸ್ ಟ್ವೈಟ್‌ಗೆ ಗೊತ್ತಿತ್ತು. ಮುಚ್ಚಿಹೋದ ಆ ಶಾಲೆಯಲ್ಲಿ ಆಕೆ ಜೀವಮಾನವಿಡೀ ಭೂಗೋಳ ಕಲಿಸಿದವಳು. ಪೆಲ್ಟನ್‌ನಲ್ಲಿ ಐವತ್ತು ದಾಟಿದ ಯಾರೇ ಆಗಲಿ, ನೈಲ್ ನದಿ ಯಾವ ದಿಕ್ಕಿಗೆ ಹರಿಯುತ್ತದೆಂದು ತಿಳಿದಿದ್ದರೆ ಅದು ಆಕೆಯ ಗದರಿಕೆಯ ಫಲ. ತಮ್ಮ ಊರಿನ ನೀರು ಯಾವ ದಿಕ್ಕಿಗೆ ಹರಿಯುತ್ತದೆಂಬುದನ್ನೂ ಆಕೆ ಕಲಿಸಿದ್ದಳು. ಅದು ಮಾತ್ರ ಯಾರ ತಲೆಯಲ್ಲೂ ಉಳಿದಿರಲಿಲ್ಲ.

ನಾರ್ವೆಯಿಂದ ಬಂದ ಮೊದಲ ಕುಟುಂಬಗಳು ಎತ್ತಿನ ಬಂಡಿ ಬಿಚ್ಚಿದ್ದು ಈಗಿನ ಊರಿನಲ್ಲಲ್ಲ, ಉತ್ತರಕ್ಕೆ ಎರಡು ಮೈಲಿ ಆಚೆಯ ನೂರ್ಡಾಲ್ ಗುಡ್ಡದ ಮೇಲೆ. ಗುಡ್ಡವೆಂದರೆ ಅಂಥ ಎತ್ತರವೇನಲ್ಲ. ಹಸುವೊಂದು ಮೇಯುತ್ತ ಮೇಯುತ್ತಲೇ ನೆತ್ತಿ ತಲುಪಬಹುದು. ಆದರೆ ಆ ಸೀಮೆಯಲ್ಲಿ ಅದೇ ಪರ್ವತ. ಬದಿಯಲ್ಲಿ ಬತ್ತದ ಒರತೆ, ಕೆಳಗೆ ತೊರೆ, ತೊರೆಯ ದಂಡೆಯಲ್ಲಿ ಒಂದಷ್ಟು ಮರ. ಬೇರೆಲ್ಲಿ ನೋಡಿದರೂ ಹಸು ಕಟ್ಟಲಿಕ್ಕೂ ಒಂದು ಮರವಿಲ್ಲದ ಹುಲ್ಲುಗಾವಲು. ಗುಡ್ಡದ ಮೇಲೆ ಮನೆಗಳೆದ್ದವು, ಅಂಗಡಿ ಬಂತು, ಅಂಚೆ ಬಂತು, ಇಗರ್ಜಿಯೂ ಬಂತು.

ಆಮೇಲೆ ರೈಲು ಬಂತು. ದೂರದ ಕಚೇರಿಯಲ್ಲಿ ಕುಳಿತ ಪೆಲ್ಟನ್ ಎಂಬ ಅಧಿಕಾರಿ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದ. ಗೆರೆ ಗುಡ್ಡದ ಗೊಡವೆಗೆ ಹೋಗದೆ ತಗ್ಗಿನ ಜೌಗು ನೆಲದ ಮೇಲೆ ಹಾಯ್ದುಹೋಯಿತು. ಗುಡ್ಡದ ಜನ ಬುದ್ಧಿವಂತರು. ರೈಲು ತಮ್ಮ ಬಳಿಗೆ ಬರುವುದಿಲ್ಲವೆಂದಾದರೆ ತಾವೇ ಅದರ ಬಳಿಗೆ ಹೋಗಬೇಕೆಂದುಕೊಂಡರು. ಚಳಿಗಾಲದಲ್ಲಿ ಮನೆಗಳನ್ನು ದಿಮ್ಮಿಗಳ ಮೇಲೆ ಕೂರಿಸಿ, ಕುದುರೆ ಕಟ್ಟಿ, ಹಿಮದ ಮೇಲೆ ಎಳೆದು ತಂದರು. ಇಗರ್ಜಿಯನ್ನು ಎಳೆಯುವಾಗ ಒಳಗೆ ಒಲೆ ಉರಿಯುತ್ತಿತ್ತಂತೆ, ಕಾಫಿ ಕುದಿಯುತ್ತಿತ್ತಂತೆ. ಪೆಲ್ಟನ್ನಿನ ಚರಿತ್ರೆಯಲ್ಲಿ ಪ್ರತಿ ಮಗುವಿಗೂ ಗೊತ್ತಿರುವ ಸಂಗತಿ ಈ ಕಾಫಿಯೊಂದೇ. ಊರಿಗೆ ಹೆಸರು ಕೊಟ್ಟ ಅಧಿಕಾರಿ ಒಮ್ಮೆ ಆ ದಾರಿಯಲ್ಲಿ ಹೋದನಂತೆ, ರೈಲಿನಿಂದ ಇಳಿಯಲಿಲ್ಲವಂತೆ.

ಬಾರದೆ ಉಳಿದವಳು ಆರ್ಡಿಸಳ ಮುತ್ತಜ್ಜಿ ಗುನ್‌ಹಿಲ್ಡ್ ಒಬ್ಬಳೇ. “ಕುಡಿಯೋ ನೀರಿರೋದು ಇಲ್ಲಿ, ನಿಲ್ಲೋ ನೀರಿರೋದು ಅಲ್ಲಿ. ಹೋಗೋರು ಹೋಗಿ,” ಎಂದು ಬಾಗಿಲು ಹಾಕಿಕೊಂಡಳಂತೆ. ಅಂದಿನಿಂದ ಪ್ರತಿ ವಸಂತದಲ್ಲೂ ಹಿಮ ಕರಗಿದಾಗ ಊರಿನವರು ನೆಲಮಾಳಿಗೆಗೆ ಪಂಪು ಇಳಿಸುತ್ತಾರೆ. ರೈಲು ಪೆಲ್ಟನ್‌ನಲ್ಲಿ ನಿಲ್ಲುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ನೀರು ಇನ್ನೂ ತಪ್ಪದೆ ನಿಲ್ಲುತ್ತದೆ.

ಗುಡ್ಡದ ಮೇಲೆ ಈಗ ಉಳಿದಿರುವುದು ಹಳೆಯ ಮನೆಗಳ ನೆಲಮಾಳಿಗೆಯ ಗುಳಿಗಳು, ಅಂಗಳಗಳಿದ್ದ ಕಡೆ ಯಾರೂ ಕೇಳದಿದ್ದರೂ ಹೂ ಬಿಡುವ ಲೈಲ್ಯಾಕ್ ಪೊದೆಗಳು, ಗುನ್‌ಹಿಲ್ಡಳ ಹೊಸ್ತಿಲ ಕಲ್ಲು. ಜಮೀನು ಆರ್ಡಿಸಳ ಚಿಕ್ಕಪ್ಪನ ಮಗ ಓರ್ಲಿನ್ ಬ್ರೆಕ್ಕೆಯದು. ಅವನು ಹಬ್ಬದ ಹಿಂದಿನ ಚಳಿಗಾಲದ ಶುರುವಿನಲ್ಲಿ ಹೊಸ ಬಿತ್ತುವ ಯಂತ್ರ ಕೊಂಡಿದ್ದ. ಅದರ ಅಗಲ ಒಂದು ಬೀದಿಯಷ್ಟು.

“ಆ ಗುಳಿಗಳ ಹತ್ರ ಅದು ತಿರುಗೋದೇ ಇಲ್ಲ ಆರ್ಡಿಸ್,” ಎಂದು ಅವನು ಅಂಚೆ ಕಚೇರಿಯ ಎದುರು ಟೋಪಿ ಸರಿಮಾಡಿಕೊಳ್ಳುತ್ತ ಹೇಳಿದ. “ಮುಚ್ಚಿ ಉತ್ತುಬಿಡೋಣ ಅಂತಿದೀನಿ. ಬರೋ ಸುಗ್ಗಿ ಮುಗಿದ ಮೇಲೆ.”

“ಹೂಂ. ಹೊಲ ನಿನ್ನದು.”

“ಸಮಿತಿಯೋರು ಆ ಕಲ್ಲನ್ನ ಅಲ್ಲೇ ಇಟ್ರೆ ಬೇರೆ ಮಾತು. ಆವಾಗ ಆ ಮೂಲೆ ಬಿಟ್ಟುಬಿಡ್ತೀನಿ. ಊರಿನ ಕಲ್ಲು ಕಿತ್ತೋನು ಅಂತ ಹೆಸರು ಬರೋದು ಬೇಡ.”

“ಅದೂ ಸರಿಯೇ,” ಎಂದಳು ಆರ್ಡಿಸ್. ಬಿಟ್ಟುಬಿಡು, ನನಗಾಗಿ ಬಿಡು ಎಂದು ಬಾಯಿಬಿಟ್ಟು ಕೇಳುವುದು ಆಕೆಯಿಂದ ಆಗದು. ಅವಳ ಕಡೆಯವರು ಯಾರೂ ಹಾಗೆ ಕೇಳಿದ ಇತಿಹಾಸವಿಲ್ಲ. ಹಳಿಗಳ ಉತ್ತರಕ್ಕಿರುವ ನಾರ್ವೆ ಮೂಲದವರಲ್ಲಿ ಮನೆಗೆ ಬಂದವರಿಗೆ ಕಾಫಿ ಬೇಕೇ ಎಂದು ಕೇಳಿದರೆ ಬೇಡ ಎನ್ನಬೇಕು. ಮತ್ತೆ ಕೇಳಿದರೆ ತೊಂದರೆ ತಗೋಬೇಡಿ ಎನ್ನಬೇಕು. ಮೂರನೆಯ ಸಲ ಕೇಳಿದಾಗ, ಹಾಗಾದರೆ ಅರ್ಧ ಬಟ್ಟಲು ಎನ್ನಬೇಕು. ಆಮೇಲೆ ಕೆಟಲು ಖಾಲಿಯಾಗುವವರೆಗೆ ಕುಡಿಯಬೇಕು. ಮೊದಲ ಕರೆಗೇ ಹೂಂ ಎಂದವರ ಬಗ್ಗೆ ಮಾತು ಮೂರು ತಲೆಮಾರು ನಡೆಯುತ್ತದೆ.

ಇಗರ್ಜಿಯ ನೆಲಮಾಳಿಗೆಯಲ್ಲಿ ಸಮಿತಿಯ ಸಭೆಗಳು ನಡೆದವು. ಕಾಫಿಯ ಉಸ್ತುವಾರಿ ಲವೋನ್ ಯೆಲ್ಲೆಯದು. ಆರ್ಡಿಸಳ ಜೊತೆಗೇ ಓದಿ, ಜೊತೆಗೇ ವಿಧವೆಯಾದ ಗೆಳತಿ. ಪ್ರತಿ ಸಭೆಯಲ್ಲೂ ಆರ್ಡಿಸ್ ಎದ್ದು ಗುಡ್ಡದ ಮಾತೆತ್ತಿದಳು. ಒಮ್ಮೆ ಹಳೆಯ ನಕ್ಷೆಯ ಪ್ರತಿ ತಂದು ಗೋಡೆಗೆ ಅಂಟಿಸಿದಳು. ಇನ್ನೊಮ್ಮೆ ಗುನ್‌ಹಿಲ್ಡಳ ಒರತೆಯ ನೀರನ್ನು ಬಾಟಲಿಯಲ್ಲಿ ತಂದು ಮೇಜಿನ ಮೇಲಿಟ್ಟಳು. ಯಾರೋ ಅದನ್ನು ಕಾಫಿಗೆ ಸುರಿದರು.

ಒಬ್ಬರಾದರೂ ವಿರೋಧಿಸಿದ್ದರೆ ಆಕೆ ಜಗಳವಾಡಿ ಗೆದ್ದಿರುತ್ತಿದ್ದಳು. ಯಾರೂ ವಿರೋಧಿಸಲಿಲ್ಲ. “ಅದೂ ಒಂದು ಯೋಚನೆ,” ಎಂದರು. “ಕೇಳೋಕೆ ಚೆನ್ನಾಗಿದೆ,” ಎಂದರು. “ಹೌದು ನೋಡಿ, ಗುಡ್ಡದ ಮೇಲೆ ಗಾಳಿ ಸ್ವಲ್ಪ ಜಾಸ್ತಿ,” ಎಂದು ಕಿಟಕಿಯ ಕಡೆ ನೋಡಿದರು. ಅಧ್ಯಕ್ಷರು ಎಲ್ಲವನ್ನೂ ಮುಂದಿನ ಸಭೆಗೆ ಹಾಕಿದರು. ಚಳಿಗಾಲವಿಡೀ ಗುಡ್ಡ ಹೀಗೆ ಮುಂದಿನ ಸಭೆಗೆ ಹೋಗುತ್ತಲೇ ಇತ್ತು.

“ಗೋಡೆಗೆ ತಲೆ ಚಚ್ಕೊಂಡ್ರೆ ಗೋಡೆಯಾದ್ರೂ ಸದ್ದು ಮಾಡುತ್ತೆ,” ಎಂದಳು ಆರ್ಡಿಸ್, ಪಾತ್ರೆ ತೊಳೆಯುವ ಕಡೆ ನಿಂತು. “ಇವ್ರು ಹಾಸಿಗೆ. ಎಷ್ಟು ಗುದ್ದಿದ್ರೂ ಗುದ್ದಿದ ಕಡೆ ತಗ್ಗಾಗ್ತಾರೆ, ಕೈ ತೆಗೆದ ಮೇಲೆ ಮತ್ತೆ ಹಾಗೇ.”

“ಕೇಕ್ ತಗೋ.”

“ಬೇಡ ಮಾರಾಯ್ತಿ.”

“ನಿಂಬೆಹಣ್ಣಿಂದು. ತಗೋ.”

“ಬೇರೆಯೋರಿಗೆ ಇರ್ಲಿ ಬಿಡು.”

“ಬೇರೆಯೋರೆಲ್ಲ ಮನೆಗೆ ಹೋದ್ರು. ಹಿಡಿ ಇದನ್ನ.”

“ಸರಿ, ಚಿಕ್ಕ ಚೂರು ಕೊಡು,” ಎಂದು ಆರ್ಡಿಸ್ ಎರಡು ತುಂಡು ತಿಂದಳು.

ಹಿಮ ಕರಗುವ ಹೊತ್ತಿಗೆ ಅಧ್ಯಕ್ಷರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆ ಜಾಗಕ್ಕೆ ಕ್ಲೆಮೆನ್ಸ್ ಡೀಟ್ರಿಚ್ ಬಂದ. ಹಳಿಗಳ ದಕ್ಷಿಣಕ್ಕಿರುವ ಜರ್ಮನ್ ಮೂಲದವನು, ಧಾನ್ಯ ತುಂಬುವ ಗೋಪುರದ ವ್ಯವಸ್ಥಾಪಕ. ದಕ್ಷಿಣದವರು ಹಸಿವಾದರೆ ಹಸಿವು ಎನ್ನುತ್ತಾರೆ, ತಟ್ಟೆ ಮುಂದಿಟ್ಟರೆ ತಿನ್ನುತ್ತಾರೆ. ಉತ್ತರದವರು ಅದನ್ನು ನಡತೆಯ ದೋಷವೆಂದು ತಿಳಿದರೂ, ಸುಗ್ಗಿಯಲ್ಲಿ ಕೆಲಸಕ್ಕೆ ಅವರನ್ನೇ ಕರೆಯುತ್ತಾರೆ. ಕ್ಲೆಮೆನ್ಸ್ ಆರ್ಡಿಸಳ ವಿದ್ಯಾರ್ಥಿ. ಹುಡುಗನಾಗಿದ್ದಾಗ ಅವನು ಉತ್ತರ ಗೊತ್ತಿಲ್ಲದೆ ಸುತ್ತಿ ಬಳಸಿ ಹೇಳುತ್ತಿದ್ದ. ಹೌದು ಅಂದ್ರೆ ಹೌದು ಅನ್ನು, ಇಲ್ಲ ಅಂದ್ರೆ ಇಲ್ಲ ಅನ್ನು, ನಡುವೆ ತಿಣುಕಬೇಡ ಎಂದು ಆಕೆ ಅವನ ಕಿವಿ ಹಿಂಡಿ ತಿದ್ದಿದ್ದಳು. ತಿದ್ದಿದ್ದು ಚೆನ್ನಾಗಿಯೇ ನಾಟಿತ್ತು.

ಮೊದಲ ಸಭೆಗೇ ಅವನು ಅಂಗಿಯ ತೋಳು ಮಡಚಿಕೊಂಡು ಬಂದ.

“ಟೀಚರ್, ಈ ಕಲ್ಲಿನ ಕಥೆ ಇವತ್ತು ಮುಗಿಸಿಬಿಡೋಣ. ನನ್ನ ಅಂಗಳದಲ್ಲಿ ಬಿದ್ದಿದೆ ಅದು, ಲಾರಿಯೋರು ದಿನಾ ಬೈತಾರೆ. ಒಂದೋ ಗೋಪುರದ ಎದುರಿಗೇ ನಿಲ್ಲಿಸ್ತೀನಿ, ಇಲ್ಲಾ ನೀವು ಹೇಳೋ ಗುಡ್ಡಕ್ಕೆ ಒಯ್ತೀನಿ. ನಕ್ಷೆ ನೋಡಿದೆ ನಾನು. ನೀವು ಹೇಳೋದೇ ಸರಿ, ಊರು ಶುರುವಾಗಿದ್ದು ಅಲ್ಲೇ. ಗುಡ್ಡದ ಮೇಲೆ ಇಡೋಣ್ವಾ?”

ಆರ್ಡಿಸಳ ಮನಸ್ಸು ಹಿಗ್ಗಿತು. ಚಳಿಗಾಲವಿಡೀ ಅಲುಗದ ಬಾಗಿಲು ತಾನಾಗಿ ತೆರೆದು, ಒಳಗಿನಿಂದ ಬನ್ನಿ ಎನ್ನುತ್ತಿತ್ತು. ಬಾಯಿಂದ ಬಂದದ್ದು ಮಾತ್ರ ಬೇರೆ.

“ಅಯ್ಯೋ, ನನ್ನೊಬ್ಬಳಿಗೋಸ್ಕರ ಅಷ್ಟೊಂದು ತೊಂದ್ರೆ ಯಾಕಪ್ಪ.”

“ತೊಂದ್ರೆ ಏನು ಬಂತು, ಲಾರಿ ಇದೆ, ಹುಡುಗ್ರಿದಾರೆ. ಇಡೋಣ್ವಾ?”

“ಬೇಡ ಬಿಡು. ಎಲ್ಲರಿಗೂ ಎಲ್ಲಿ ಅನುಕೂಲವೋ ಅಲ್ಲೇ ಇಡಿ.”

ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂದು ಕುಳಿತಿತ್ತು. ಇನ್ನೊಮ್ಮೆ ಕೇಳಿದರೆ ಸಾಕು. ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡು, ಹಾಗಾದರೆ ನಿನ್ನ ಇಷ್ಟ ಕ್ಲೆಮೆನ್ಸ್ ಎನ್ನಲು ಉಸಿರೆಳೆದುಕೊಂಡಳು.

“ಸರಿ ಹಾಗಾದ್ರೆ, ಗೋಪುರದ ಎದುರಿಗೆ,” ಎಂದ ಕ್ಲೆಮೆನ್ಸ್. “ಮುಂದಿನದು ಟ್ರ್ಯಾಕ್ಟರ್ ಮೆರವಣಿಗೆ. ಯಾರ ಟ್ರ್ಯಾಕ್ಟರ್ ಮುಂದಿರ್ಬೇಕು?”

ಎಳೆದುಕೊಂಡ ಉಸಿರು ಎಳೆದುಕೊಂಡಲ್ಲೇ ನಿಂತಿತು. ಮೇಜಿನ ಸುತ್ತ ಇದ್ದ ಉತ್ತರದವರೆಲ್ಲ ತಮ್ಮ ತಮ್ಮ ಬಟ್ಟಲಿನ ತಳ ಪರೀಕ್ಷಿಸಿದರು. ಏನಾಯಿತೆಂದು ಅವರಿಗೆಲ್ಲ ಗೊತ್ತಿತ್ತು. ಬೇರೆಯವರ ಮಾತಿಗೆ ಬಾಯಿ ಹಾಕುವುದು ಮೊದಲ ಕರೆಗೆ ಕಾಫಿ ಕುಡಿಯುವುದಕ್ಕಿಂತ ದೊಡ್ಡ ತಪ್ಪಾದ್ದರಿಂದ ಯಾರೂ ಏನೂ ಹೇಳಲಿಲ್ಲ. ಟ್ರ್ಯಾಕ್ಟರುಗಳ ವಿಷಯದಲ್ಲಿ ಸಭೆ ಬಹಳ ಹೊತ್ತು ನಡೆಯಿತು. ಅಲ್ಲಿ ಎಲ್ಲರಿಗೂ ಖಚಿತ ಅಭಿಪ್ರಾಯಗಳಿದ್ದವು.

“ನೀನಾದ್ರೂ ಹೇಳಬಾರದಾಗಿತ್ತಾ?” ಎಂದಳು ಆರ್ಡಿಸ್ ಆಮೇಲೆ, ಟವಲನ್ನು ಹಿಂಡುತ್ತ. ಟವಲು ಒಣಗಿಯೇ ಇತ್ತು.

“ನಾನು ಹೇಗೆ ಹೇಳ್ಲಿ? ಕೇಳಿದ್ದು ನಿನ್ನನ್ನ,” ಎಂದಳು ಲವೋನ್.

“ಎರಡು ಸಲ ಕೇಳಿ ಬಿಟ್ಟನಲ್ಲೇ. ಇನ್ನೊಂದು ಸಲ ಕೇಳಿದ್ರೆ ಅವನ ಗಂಟೇನು ಹೋಗ್ತಿತ್ತು?”

“ಅವ್ರ ಕಡೆ ಒಂದೇ ಸಲ ಕೇಳೋದಂತೆ. ನಿನಗೆ ಎರಡು ಸಲ ಕೇಳಿದ್ದಾನೆ. ಅದು ಮರ್ಯಾದೆಗೆ.”

“ಮರ್ಯಾದೆ ತಗೊಂಡೋಗಿ ಜೌಗಿಗೆ ಹಾಕು.”

“ಹೋಗಿ ಬೇಕು ಅಂತ ಹೇಳು. ಎರಡು ಅಕ್ಷರ ಬಾಯಿಂದ ಬಂದ್ರೆ ಹಲ್ಲು ಉದುರಲ್ಲ.”

ಹೇಳಿದಷ್ಟು ಸುಲಭವಾಗಿರಲಿಲ್ಲ. ಆರ್ಡಿಸ್ ಮಾರನೆಯ ದಿನ ಗೋಪುರಕ್ಕೆ ಹೋದಳು. ಕ್ಲೆಮೆನ್ಸ್ ತೂಕದ ಕಟ್ಟೆಯ ಹತ್ತಿರ ನಿಂತಿದ್ದ.

“ಏನು ಬೇಕಿತ್ತು ಟೀಚರ್?”

“ಏನಿಲ್ಲ, ಈ ಕಡೆ ಬಂದಿದ್ದೆ.” ಈ ಕಡೆ ಹಳಿ ಮತ್ತು ಗೋಪುರ ಬಿಟ್ಟರೆ ಬರಲು ಏನೂ ಇರಲಿಲ್ಲ. “ಗಾಳಿ ಇದೆ ಇವತ್ತು.”

“ದಿನಾ ಇರುತ್ತೆ.”

“ಗುಡ್ಡದ ಮೇಲೆ ಇನ್ನೂ ಜಾಸ್ತಿ ಇರ್ಬೇಕು.”

“ಒಳ್ಳೇದಾಯ್ತು ಬಿಡಿ, ಕಲ್ಲು ಇಲ್ಲೇ ಉಳೀತು,” ಎಂದ ಅವನು ಸಂತೋಷದಿಂದ. ಆಕೆ ಮನೆಗೆ ಬಂದು, ಮಡಚಿಟ್ಟಿದ್ದ ಬಟ್ಟೆಗಳನ್ನೆಲ್ಲ ಬಿಚ್ಚಿ ಮತ್ತೆ ಮಡಚಿದಳು.

ಮುಂದಿನ ವಾರ ಆಕೆ ಕಾರಿನಲ್ಲಿ ಗುಡ್ಡಕ್ಕೆ ಹೋಗಿ ಗುನ್‌ಹಿಲ್ಡಳ ಹೊಸ್ತಿಲ ಕಲ್ಲಿನ ಮೇಲೆ ಕುಳಿತಳು. ಲೈಲ್ಯಾಕ್ ಮೊಗ್ಗು ಕಟ್ಟುತ್ತಿತ್ತು. ಕೆಳಗೆ ಊರು ಕಾಣುತ್ತಿತ್ತು. ಅದರ ಬೀದಿಗಳಲ್ಲಿ ಕರಗಿದ ಹಿಮದ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಊರನ್ನೇ ಎದುರು ಹಾಕಿಕೊಂಡು ಬಾಗಿಲು ಹಾಕಿಕೊಂಡವಳ ಮೊಮ್ಮಗನ ಮಗಳು ತಾನು, ಒಬ್ಬ ಹಳೆಯ ವಿದ್ಯಾರ್ಥಿಗೆ ಹೂಂ ಎನ್ನಲಾರದೆ ಹೋದೆನಲ್ಲ ಎಂದು ಮೈಯೆಲ್ಲ ಉರಿಯಿತು. ಎದ್ದು, ಕಾರು ತಿರುಗಿಸಿ, ನೇರ ಗೋಪುರಕ್ಕೆ ಬಂದು, ಇಳಿಯುವ ಮೊದಲೇ ಕಿಟಕಿ ಇಳಿಸಿ ಹೇಳಿದಳು.

“ಕ್ಲೆಮೆನ್ಸ್, ಕಲ್ಲು ಗುಡ್ಡದ ಮೇಲೆ ಇಡ್ಬೇಕು. ನನಗೆ ಬೇಕು ಅದು.”

ಅವನು ಟೋಪಿ ತೆಗೆದ. “ಬೆಳಿಗ್ಗೆ ಕಾಂಕ್ರೀಟ್ ಹಾಕಿಸಿದೆನಲ್ಲ ಟೀಚರ್. ಕಬ್ಬಿಣದ ಸರಳು ಬೇರೆ ಕೊಟ್ಟಿದೀನಿ, ನೆರೆ ಬಂದ್ರೆ ಕದಲಬಾರ್ದು ಅಂತ.” ಟೋಪಿ ಮತ್ತೆ ಇಟ್ಟುಕೊಂಡು, “ಎರಡು ಸಲ ಕೇಳಿದೆ. ಎರಡು ಸಲಾನೂ ನೀವು ಬೇಡ ಅಂದ್ರಿ,” ಎಂದ.

“ಅಂದೆ,” ಎಂದಳು ಆರ್ಡಿಸ್.

“ಒಳಗೆ ಬನ್ನಿ, ಕಾಫಿ ಇದೆ. ಕುಡೀತೀರಾ?”

“ಕುಡೀತೀನಿ,” ಎಂದಳು ಆಕೆ, ಮೊದಲ ಕರೆಗೇ. ಕಾಫಿ ಬೆಳಿಗ್ಗೆ ಮಾಡಿದ್ದು, ಟಾರಿನಂತಿತ್ತು.

ಹಬ್ಬ ಜುಲೈಯಲ್ಲಿ ನಡೆಯಿತು. ಕಲ್ಲು ಧಾನ್ಯದ ಗೋಪುರದ ಎದುರು, ತಾತ್ಕಾಲಿಕ ಶೌಚಾಲಯಗಳ ಪಕ್ಕದಲ್ಲಿ ನಿಂತಿತು. ಸುಗ್ಗಿ ಮುಗಿದ ಮೇಲೆ ಓರ್ಲಿನ್ ಗುಳಿಗಳನ್ನು ಮುಚ್ಚಿ ಗುಡ್ಡವನ್ನು ಉತ್ತ. ಮರುವರ್ಷ ಅಲ್ಲಿ ಸೋಯಾ ಬಿತ್ತಿದರು, ಬೆಳೆ ಸುಮಾರಾಗಿ ಬಂತು.