ಬಾಗಿಲ ಮೇಲಿನ ಗೂಡು

ದೇವರಮನೆ ಬಾಗಿಲ ಮೇಲಿದ್ದ ಮಣ್ಣಿನ ಗೂಡು ಕೀಳಲು ಶ್ರೀಪ್ರಿಯಾ ಸ್ಟೂಲು ಹತ್ತಿದ್ದಳು. ಅವಳ ತಾಯಿ ಜಾನಕಮ್ಮ ಕೆಳಗಿನಿಂದ ದುಪಟ್ಟಾ ಹಿಡಿದು ಎಳೆಯುತ್ತಿದ್ದರು.

"ಕುಳವಿ ತಾನಾಗೇ ಬಂದು ಗೂಡು ಕಟ್ಟಿದೆ. ಮನೇಲಿ ಕೂಸಾಗೋ ಲಕ್ಷಣ. ಪೇಸಾಮ, ಸುಮ್ಮನೆ ಕೆಳಗಿಳಿ."

ಶ್ರೀಪ್ರಿಯಾ ತಾಯಿ ತಮಿಳಿನಲ್ಲಿ ಕುಳವಿ ಎನ್ನುವ, ಜೇಡ ಹಿಡಿಯುವ ಕಣಜದ ಹುಳುಗಳ ಮೇಲೆ ಸಂಶೋಧನೆ ಮಾಡುವವಳು. ಚೆನ್ನೈನ ಟ್ರಿಪ್ಲಿಕೇನಿನ ಗೋಡೆಗಳನ್ನೆಲ್ಲ ಹುಡುಕಿದರೂ ಸಿಗದ ಗೂಡು ತನ್ನ ಮನೆಯಲ್ಲೇ ಸಿಕ್ಕರೆ ಬಿಟ್ಟಾಳೆಯೇ? ಗೂಡಿನ ಐದು ಮಣ್ಣಿನ ಕುಡಿಕೆಗಳಲ್ಲಿ ಒಂದು ಕೊಡು, ಉಳಿದ ನಾಲ್ಕು ನಿನಗೇ ಎಂದು ಚೌಕಾಸಿ ಮಾಡಿದಳು. ಜಾನಕಮ್ಮ ಜಗ್ಗಲಿಲ್ಲ.

ಆ ಲಕ್ಷಣವೆಲ್ಲ ಯಾರಿಗಾಗಿಯೋ ಆ ಸೊಸೆ ಪಾವನಾ ಸೋಫಾದಲ್ಲಿ ಕಾಲು ಚಾಚಿ ಕುಳಿತಿದ್ದಳು. ಮದುವೆಯಾಗಿ ಆರು ವರ್ಷ. ಎಗ್ಮೋರಿನ ಶಾಲೆಯಲ್ಲಿ ಪಿ.ಟಿ. ಟೀಚರಾಗಿದ್ದವಳನ್ನು, ಓಡಾಟ ನಿಂತರೆ ಮಗುವಾದೀತೆಂದು ಅತ್ತೆ ಜೂನ್‌ನಲ್ಲಿ ಕೆಲಸ ಬಿಡಿಸಿದ್ದರು. ಡಾಕ್ಟರೇನೂ ಹಾಗೆ ಹೇಳಿರಲಿಲ್ಲ. ಆಮೇಲೆ ಸ್ಕೂಟರ್ ಬೇಡ ಎಂದಾಯಿತು, ಮೆಟ್ಟಿಲೂ ಬೇಡ ಎಂದಾಯಿತು. ಎಲ್ಲವೂ ಪ್ರೀತಿಯಿಂದಲೇ, ಕೂತಲ್ಲಿಗೇ ಹಾಲು ಬರುತ್ತಿತ್ತು. ಇವತ್ತು ಬೆಳಿಗ್ಗೆ ಶಾಲೆಯಿಂದ ಫೋನ್ ಬಂದಿತ್ತು. ಹನ್ನೊಂದರೊಳಗೆ ಬಂದರೆ ಕೆಲಸ ಮತ್ತೆ ಅವಳದು, ಇಲ್ಲವಾದರೆ ಬೇರೆಯವರಿಗೆ. ಅವಳು ಫೋನ್ ಇಟ್ಟು ಮತ್ತೆ ಸೋಫಾಕ್ಕೆ ಬಂದು ಕೂತಿದ್ದಳು.

ಎಳೆದಾಟದಲ್ಲಿ ಶ್ರೀಪ್ರಿಯಾಳ ಕೈ ತಗುಲಿ ಒಂದು ಕುಡಿಕೆ ಬಿದ್ದು ಒಡೆಯಿತು. ಜಾನಕಮ್ಮ ರಾಯರನ್ನು ನೆನೆದು ಕಣ್ಣು ಮುಚ್ಚಿಕೊಂಡರು. ಪಾವನಾ ಎದ್ದು ಬಂದು ಬಗ್ಗಿ ನೋಡಿದಳು. ಮಣ್ಣಿನ ಚೂರುಗಳ ನಡುವೆ ದಪ್ಪನೆಯ ಜೇಡವೊಂದು ಬಿದ್ದಿತ್ತು. ಅದಕ್ಕೆ ಒಂದು ಕಾಲೂ ಇರಲಿಲ್ಲ. ಹೊಟ್ಟೆಗೆ ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆ ಅಂಟಿತ್ತು.

ಕಣಜ ಕುಟುಕಿದ ಮೇಲೆ ಜೇಡ ಅಲುಗಾಡುವುದಿಲ್ಲ, ಹೊತ್ತು ತರಲು ಸುಲಭವಾಗಲೆಂದು ಅದರ ಕಾಲುಗಳನ್ನು ಕಣಜವೇ ಕತ್ತರಿಸಿಬಿಡುತ್ತದೆ ಎಂದು ಶ್ರೀಪ್ರಿಯಾ ಹುರುಪಿನಿಂದ ವಿವರಿಸಿದಳು.

"ಸತ್ತಿದೆಯಾ?"

"ಇಲ್ಲ ಅತ್ತಿಗೆ, ಜೀವ ಇರತ್ತೆ. ಮರಿಗೆ ತಿನ್ನೋಕೆ ಫ್ರೆಶ್ಶಾಗಿ ಬೇಕಲ್ಲ."

ಪಾವನಾ ತಿರುಗಿ ಸೋಫಾದ ಕಡೆ ನೋಡಿದಳು. ಆಮೇಲೆ ಸಿಟ್ಟು ಬಂತು. ಮೊದಲು ಆ ಸೋಫಾದ ಮೇಲೆ, ನಂತರ ಅದರಲ್ಲಿ ಸುಮ್ಮನೆ ಕೂತ ತನ್ನ ಮೇಲೆ. ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಅವಳು ಬೀರುವಿನ ಅಡಿಯಿಂದ ಕ್ಯಾನ್ವಾಸ್ ಶೂ ಎಳೆದು, ಧೂಳು ಕೊಡವಿ, ಹಾಲ್‌ನಲ್ಲೇ ಕೂತು ಲೇಸು ಬಿಗಿದಳು.

ಎಲ್ಲಿಗೆ ಹೊರಟೆ ಎಂದು ಜಾನಕಮ್ಮ ಕೇಳಿದರು.

"ಸ್ಕೂಲಿಗೆ ಅಮ್ಮಾ. ಕೂಸು ಬರೋದಿದ್ರೆ ನಾನು ಓಡಾಡ್ತಿದ್ರೂ ಬರತ್ತೆ. ಉಳಿದ ಗೂಡು ಇರ್ಲಿ, ಒಡೀಬೇಡಿ."

ಜಾನಕಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿಯುತ್ತಿದ್ದಳು. ಸೋಫಾದ ಪಕ್ಕದಲ್ಲಿಟ್ಟ ಹಾಲು ಕೆನೆಗಟ್ಟತೊಡಗಿತ್ತು.