ಒಂದು ಲೆಕ್ಕ, ಒಂದು ರೊಟ್ಟಿ

ನನ್ನ ತಮ್ಮ ಮಾಳಿಂಗ ಒಂದು ಕಡೆ ಕೂತದ್ದನ್ನು ಕಮಲಾಪುರದಲ್ಲಿ ಯಾರೂ ಕಂಡಿರಲಿಲ್ಲ. ಊಟದ ನಡುವೆ ಎದ್ದು ಓಡುತ್ತಿದ್ದ. ಶಾಲೆಯ ಕಿಟಕಿ ಹಾರಿ ದೊಡ್ಡ ರಸ್ತೆಗೆ ಹೋಗಿ ಲಾರಿಗಳ ಹಿಂದೆ ಬೀಳುತ್ತಿದ್ದ. ಅವನನ್ನು ಕಾಯಲು ಯಾರಾದರೂ ಬೇಕಿತ್ತು. ಏಳನೆಯ ತರಗತಿ ಮುಗಿದದ್ದೇ ನನ್ನನ್ನು ಶಾಲೆ ಬಿಡಿಸಿದರು. ಅವನು ನನ್ನ ಮಾತು ಕೇಳುತ್ತಿರಲಿಲ್ಲ, ಆದರೆ ನಿದ್ದೆ ಬಂದಾಗ ನನ್ನ ತೊಡೆಯನ್ನೇ ಹುಡುಕುತ್ತಿದ್ದ. ಅದು ನನಗೆ ಸಾಕಾಗಿತ್ತು.

ಅಣ್ಣ ಚಂದ್ರಶಾ ದಿನವೂ ಬಸ್ಸಿನಲ್ಲಿ ಕಲಬುರಗಿಗೆ ಕೆಲಸಕ್ಕೆ ಹೋಗುತ್ತಿದ್ದ. ಅಲ್ಲಿಯವಳೇ ಆದ ಜಯದೇವಿ ಅವನನ್ನು ಮದುವೆಯಾಗಿ ನಮಗೆ ವೈನಿಯಾಗಿ ಮನೆಗೆ ಬಂದಳು. ಮೊದಲು ಬಾಲವಾಡಿಯಲ್ಲಿ ಕಲಿಸುತ್ತಿದ್ದವಳು. ಕೆಲವು ತಿಂಗಳಲ್ಲೇ ಮಾಳಿಂಗನನ್ನು ಕಲಬುರಗಿಯ ಡಾಕ್ಟರರಿಗೆ ತೋರಿಸಿಕೊಂಡು ಬಂದಳು.

"ಇದು ಕಿಡಿಗೇಡಿತನ ಅಲ್ಲಂತ್ರಿ ಅತ್ತಿ," ಎಂದು ಅವ್ವನಿಗೆ ಹೇಳಿದಳು. "ಅವನ ಮನಸ ಒಂದ ಕಡಿ ನಿಲ್ಲಂಗಿಲ್ಲಂತ. ಒದರಬ್ಯಾಡ್ರಿ. ಒಂದ ಸಲಕ್ಕ ಒಂದ ಕೆಲಸ ಹೇಳ್ರಿ. ಮಾಡಿದ ಕೂಡ್ಲೆ ಶಾಬಾಸ್ ಅನ್ರಿ. ನಡುನಡುವ ಎದ್ದು ಅಡ್ಡಾಡಾಕ ಬಿಡ್ರಿ."

ಮರುದಿನ ನಾನು ರೊಟ್ಟಿ ಬಡಿಯುವಾಗ ವೈನಿ ಅವನ ಕೈಗೆ ಪಾಟಿ-ಬಳಪ ಕೊಟ್ಟು ಪಕ್ಕದಲ್ಲಿ ಕೂಡಿಸಿದಳು. ಒಂದು ಲೆಕ್ಕ ಮಾಡಿದರೆ ಎದ್ದು ಬಂದು ಒಂದು ರೊಟ್ಟಿ ಬಡಿಯಬಹುದು. ಆಮೇಲೆ ಮತ್ತೊಂದು ಲೆಕ್ಕ.

"ಗಂಡ ಹುಡುಗನ ಕೈಲೆ ರೊಟ್ಟಿ ಬಡಸ್ತಿ. ನಾಳಿ ಸೀರಿನೂ ಉಡಸ್ತಿಯೇನ?" ಎಂದಳು ಅವ್ವ.

"ತಿನ್ನಾಕ ಬರ್ತದ, ಬಡಿಯಾಕ ಯಾಕ ಬರಬಾರದ್ರಿ ಅತ್ತಿ?"

ಅವನ ರೊಟ್ಟಿ ಹರಿದು ಹೋಗುತ್ತಿತ್ತು, ಲೆಕ್ಕ ಮಾತ್ರ ಸರಿಯಾಗುತ್ತಿತ್ತು. ನಾನು ವರ್ಷಗಟ್ಟಲೆ ಓಣಿಯಲ್ಲಿ ಕೂಗಿ ಗಂಟಲು ಒಡೆದುಕೊಂಡ ಹೆಸರನ್ನು ವೈನಿ ಸಣ್ಣ ದನಿಯಲ್ಲಿ ಕರೆದರೂ ಅವನು ತಿರುಗಿ ನೋಡುತ್ತಿದ್ದ. ನೆರೆಯ ಹೆಂಗಸರು ಬಾಗಿಲಿಗೆ ಬಂದು ನಿಂತು, "ಸೊಸಿ ಕೈಗುಣ ಬಿಡ್ರಿ," ಎಂದು ಹೋದರು. ಹಿಟ್ಟು ನಾದುತ್ತಿದ್ದ ನನ್ನನ್ನು ಯಾರೂ ನೋಡಲಿಲ್ಲ. ಇಷ್ಟಕ್ಕೇ ಆಗುವುದಿದ್ದರೆ ನನ್ನ ಶಾಲೆ ಯಾಕೆ ಹೋಯಿತು? ಈಗ ನಿದ್ದೆ ಬಂದರೂ ಅವನು ವೈನಿಯನ್ನೇ ಹುಡುಕುತ್ತಿದ್ದ.

ನಾಗರಪಂಚಮಿಗೆ ವೈನಿ ತವರಿಗೆ ಹೋದಳು. ಅವಳು ಬಂದ ಮೇಲೆ ಅಣ್ಣ, ವೈನಿ ಕಲಬುರಗಿಯಲ್ಲೇ ಮನೆ ಮಾಡುವುದು, ಮಾಳಿಂಗನನ್ನು ಅಲ್ಲಿಯ ಶಾಲೆಗೆ ಹಾಕುವುದು ಎಂದು ಮಾತಾಗಿತ್ತು. ಅವಳಿಲ್ಲದೆಯೂ ಅವನನ್ನು ಓದಿಸಿ ತೋರಿಸಿದರೆ ಇಲ್ಲೇ ಬಿಡುತ್ತಾರೆ ಎಂದುಕೊಂಡೆ. ಪಂಚಮಿಯ ದಿನ ನಮ್ಮಲ್ಲಿ ಒಲೆಯ ಮೇಲೆ ರೊಟ್ಟಿಯ ಹಂಚು ಇಡುವುದಿಲ್ಲ, ರೊಟ್ಟಿ ಹಿಂದಿನ ದಿನವೇ ಬಡಿದಿಟ್ಟಿರುತ್ತೇವೆ. ವೈನಿಯ ಉಪಾಯ ಅಂದು ನಡೆಯುವಂತಿರಲಿಲ್ಲ. ನನಗೂ ಅದೇ ಬೇಕಾಗಿತ್ತು.

"ಎಲ್ಲಾ ಲೆಕ್ಕ ಮುಗಸು. ಆಮ್ಯಾಲ ಸಂಜಿತನಕಾ ಜೋಕಾಲಿ ಆಡು," ಎಂದೆ.

"ವೈನಿ ಒಂದಕ್ಕೇ ಬಿಡ್ತಾಳ."

"ವೈನಿ ಇಲ್ಲೀಗ. ಸುಮ್ಕ ಕುಂದ್ರು."

ಪಾಟಿ ಬಿಸುಟು ಓಡಿದ. ದೊಡ್ಡ ರಸ್ತೆಯಲ್ಲಿ ಬಾಳೆಹಣ್ಣಿನ ಗಾಡಿಗಳ ಸಂದಿಯಲ್ಲಿ ಅವನ ಅಂಗಿ ಸಿಕ್ಕಿತು. ಹೊಡೆಯಲು ಕೈ ಎತ್ತಿದ್ದೆ. ಹೊಡೆದರೆ ವೈನಿಯೇ ಗೆದ್ದಂತೆ ಎನ್ನಿಸಿ ಕೈ ಇಳಿಸಿದೆ.

ಮನೆಯ ಮುಂದಿನ ಬೇವಿನ ಮರಕ್ಕೆ ಹಬ್ಬದ ಜೋಕಾಲಿ ಕಟ್ಟಿತ್ತು. ಅವನನ್ನು ಅದರ ಮೇಲೆ ಕೂಡಿಸಿ ಒಂದೇ ಲೆಕ್ಕ ಕೊಟ್ಟೆ. ಮಾಡಿದ, ಜೋರಾಗಿ ತೂಗಿದೆ. ಮತ್ತೊಂದು ಕೊಟ್ಟೆ. ಬಿಸಿಲು ಏರುವುದರೊಳಗೆ ಪಾಠವೇ ಮುಗಿಯಿತು. ಹಗ್ಗ ನನ್ನದಾದರೂ ದಾರಿ ವೈನಿಯದೇ ಎಂದು ನನಗೆ ಗೊತ್ತಿತ್ತು. ಹೊಟ್ಟೆಯೊಳಗಿನ ಉರಿ ಕಡಿಮೆಯಾಗಲಿಲ್ಲ.

ವೈನಿ ತಿರುಗಿ ಬಂದಾಗ ಮಾಳಿಂಗ ಅವಳ ಕೈ ಹಿಡಿದು ಮರದ ಹತ್ತಿರ ಎಳೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದ.

"ಹಂಗಾದ್ರ ಅವ ಇಲ್ಲೇ ಇರಲಿ ಬಿಡು. ಚಂದಮ್ಮ ನೋಡಕೋತಾಳ," ಎಂದು ಅವ್ವ ನನ್ನ ಕಡೆ ಕೈ ಮಾಡಿದಳು. ಅಣ್ಣನೂ ಆಗಲಿ ಎಂದ.

ನಾನು ಗೆದ್ದಿದ್ದೆ. ಅವನು ಏಳನೆಯ ತರಗತಿ ದಾಟಿ ಎಂಟಕ್ಕೆ ಹೋಗುವುದು, ನಾನು ಅದೇ ಮರದ ಕೆಳಗೆ ನಿಂತಿರುವುದು ಕಣ್ಣಿಗೆ ಕಟ್ಟಿತು. ಆಗ ಮೊದಲ ಸಲ ತಮ್ಮನ ಮೇಲೆಯೇ ಹೊಟ್ಟೆಕಿಚ್ಚಾಯಿತು.

"ಬ್ಯಾಡ," ಎಂದೆ. "ಅವನ ಕರಕೊಂಡ ಹೋಗ್ರಿ. ನಾನೂ ಬರ್ತೀನಿ. ಸಾಲಿಗಿ ಹೋಗ್ತೀನಿ."

"ಈ ವಯಸ್ಸಿನಾಗ? ಸಣ್ಣ ಹುಡುಗ್ಯಾರ ಜೋಡಿ ಪ್ರಾರ್ಥನಿಗಿ ನಿಂದರ್ತಿಯೇನ?" ಅವ್ವ ನಕ್ಕಳು.

ಅಣ್ಣ ವೈನಿಯ ಮುಖ ನೋಡಿದ. ಅದನ್ನೂ ಅವಳೇ ಹೇಳಬೇಕಾಗಿತ್ತು.

"ಎಷ್ಟನೇತ್ತ ತನಕಾ ಓದಿದಿ ಚಂದಮ್ಮಾ?" ಎಂದು ಕೇಳಿದಳು ವೈನಿ.

ನಮ್ಮ ಮನೆಗೆ ಬಂದಾಗಿನಿಂದ ನನ್ನನ್ನು ಅವಳು ಅದನ್ನು ಕೇಳಿರಲೇ ಇಲ್ಲ.

"ಏಳನೇತ್ತ," ಎಂದೆ. "ಗಣಿತದಾಗ ನಾನೇ ಮುಂದಿದ್ದೆ."